ದಸ್ತಗಿರಿ ಬರೆಸಿದ ದಿನ

ಎಂ.ಎ. ಓದುವಾಗ ಪ್ರಬಂಧಕ್ಕೆಂದು ನಾನು ಆರಿಸಿಕೊಂಡದ್ದು ನಮ್ಮ ಜಿಲ್ಲೆಯ ದಸ್ತಗಿರಿ ಅಂಕಿಅಂಶ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಠಾಣೆಗಳು ತಿಂಗಳಿಗೊಮ್ಮೆ ಕಳಿಸುವ ಸಂಖ್ಯೆಗಳನ್ನು ಕೂಡಿಸಿದರೆ ಜಿಲ್ಲೆಯ ಲೆಕ್ಕ. ಒಬ್ಬನನ್ನೇ ವರ್ಷದಲ್ಲಿ ಮೂರು ಸಲ ಹಿಡಿದರೆ ಅಲ್ಲಿ ಮೂರಾಗುತ್ತದೆ. ಒಬ್ಬನ ಮೇಲೆ ಹಲವು ಆರೋಪಗಳಿದ್ದರೆ ದೊಡ್ಡದೊಂದೇ ಲೆಕ್ಕಕ್ಕೆ ಬರುತ್ತದೆ. ವಿಚಾರಣೆಗೆಂದು ಕರೆದೊಯ್ದು ಕೂರಿಸಿಕೊಂಡವರು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಈ ಕೊನೆಯ ಮಿತಿಗೆ ನಾನು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಕೊಟ್ಟಿದ್ದೆ.

ಆ ಬೇಸಿಗೆ ನಮ್ಮ ಸುತ್ತಲಿನ ತೋಟಗಳಲ್ಲಿ ಬೋರ್‌ವೆಲ್ ಕೇಬಲ್ ಕಳುವಾಗತೊಡಗಿತು. ಕಳ್ಳರು ಮೇಲಿನ ಪದರ ಸುಟ್ಟು ಒಳಗಿನ ತಾಮ್ರ ಮಾರುತ್ತಾರೆ. ನನ್ನ ಚಿಕ್ಕಪ್ಪನದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಕೆಟ್ಟ ಮೋಟಾರುಗಳಿಂದ ಬಿಚ್ಚಿದ ತಾಮ್ರದ ತಂತಿ ಮೂಲೆಯಲ್ಲಿ ಯಾವಾಗಲೂ ಗುಡ್ಡೆ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಪೊಲೀಸರು ಬಂದು, "ಒಸಿ ಕೇಳೋದೈತೆ, ಬಾ" ಎಂದು ಅವರನ್ನು ಜೀಪು ಹತ್ತಿಸಿದರು. ಮರುದಿನ ಬೆಳಿಗ್ಗೆಯಾದರೂ ಅವರು ಬರಲಿಲ್ಲ.

ಠಾಣೆಯ ಎದುರಿನ ಮರದಡಿ ಚಿಕ್ಕಮ್ಮ, ನಾನು, ಊರಿನ ಮುಖಂಡರೊಬ್ಬರು ನಿಂತಿದ್ದೆವು. ಪೊಲೀಸರು ಹಿಡಿದೊಯ್ದವರನ್ನು ಬಿಡಿಸಿ ತರುವುದರಲ್ಲಿ ಆ ಮುಖಂಡರಿಗೆ ಹೆಸರಿತ್ತು. ನಮ್ಮ ಕಡೆ ಅದಕ್ಕೊಂದು ರೂಢಿಯೇ ಇದೆ: ಠಾಣೆಯ ಪುಸ್ತಕದಲ್ಲಿ ಹೆಸರು ಬರೆಯದಂತೆ ನೋಡಿಕೊಂಡರೆ ಮರ್ಯಾದೆ ಉಳಿಯಿತು. ಮಿಕ್ಕಿದ್ದನ್ನು ಸಹಿಸಿಕೊಳ್ಳುವುದು.

"ಎಸ್ಸೈ ಒಪ್ಪವ್ರೆ ಕಣವ್ವ. ಬರ್ಯಾಕಿಲ್ಲ. ಇನ್ನೆರಡ್ ದಿನ ಮಡಿಕಂಡು ಬುಟ್‌ಬುಡ್ತಾರೆ," ಎಂದರು ಮುಖಂಡರು.

ಚಿಕ್ಕಮ್ಮ ಅವರಿಗೆ ಕೈಮುಗಿದರು. ಮಗಳ ಮದುವೆಯ ಮಾತು ನಡೆದಿತ್ತು.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಗಂಡಸು ಕೂಗಿಕೊಂಡದ್ದು ಕೇಳಿಸಿತು. "ಅವ್ರ ದನಿ ಅಲ್ಲ ಅದು," ಎಂದರು ಚಿಕ್ಕಮ್ಮ, ಯಾರೂ ಕೇಳದಿದ್ದರೂ.

"ಬರೆಸೋಣ ಚಿಕ್ಕಮ್ಮ," ಎಂದೆ. "ದಸ್ತಗಿರಿ ಅಂತ ಬರೆದ್ರೆ ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಡಾಕ್ಟರಿಗೆ ತೋರಿಸ್ಬೇಕು. ಬರೀದೇ ಇದ್ರೆ ಅವರು ಒಳಗೆ ಇದಾರೆ ಅನ್ನೋದಕ್ಕೇ ಗುರುತಿಲ್ಲ."

"ಓದ್ಸಿದ್ದು ಜಾಸ್ತಿ ಆಯ್ತು ಇವ್ಳಿಗೆ," ಮುಖಂಡರು ನಕ್ಕರು. "ಠಾಣೆಗ್ ಹೋದೋನು ಈಚೆಗ್ ಬತ್ತಾನೆ. ಬುಕ್ಕಿಗ್ ಹೋದೋನು ಬರಾಕಿಲ್ಲ, ತಿಳ್ಕೊ."

"ನಿನ್ ದಮ್ಮಯ್ಯ, ಸುಮ್ಕಿರು," ಎಂದು ಚಿಕ್ಕಮ್ಮ ನನ್ನ ಮುಂಗೈ ಹಿಡಿದರು. ನಾನು ಬಿಡಿಸಿಕೊಂಡು ಒಳಗೆ ಹೋದೆ.

ಸಬ್ ಇನ್ಸ್‌ಪೆಕ್ಟರ್ ಕಾಫಿ ಕುಡಿಯುತ್ತಿದ್ದರು. ಚಿಕ್ಕಪ್ಪನ ಮೇಲೆ ಕೇಸಿದ್ದರೆ ದಸ್ತಗಿರಿ ಬರೆದು ಪ್ರತಿ ಕೊಡಿ, ಇಲ್ಲದಿದ್ದರೆ ಈಗಲೇ ನನ್ನ ಜೊತೆ ಕಳಿಸಿ ಎಂದೆ.

"ಎಲ್ರೂ ಬರೀಬೇಡಿ ಅಂತ ಕಾಲು ಹಿಡೀತಾರೆ. ನಿಮಗೆ ಚಿಕ್ಕಪ್ಪನ ಮೇಲೆ ಅಷ್ಟು ಕೋಪಾನಾ?" ಎಂದರು. ಕಿಟಕಿಯಾಚೆ ನಿಂತಿದ್ದ ಮುಖಂಡರನ್ನು ಒಮ್ಮೆ ನೋಡಿದರು. ಲೋಟ ಕೆಳಗಿಟ್ಟು ಠಾಣೆಯ ರೈಟರ್‌ಗೆ ಹೇಳಿದರು: "ಬರ್ಕೊಳ್ರೀ. ಈ ತಿಂಗಳ ಲೆಕ್ಕಕ್ಕೂ ಒಬ್ಬ ಬೇಕಾಗಿದ್ದ."

ಬಿಡಲೂಬಹುದು ಎಂದು ನಾನು ಒಳಗೊಳಗೇ ನಂಬಿದ್ದೆ. ಅವರು ಬರೆದರು. ದಸ್ತಗಿರಿಯ ಸಮಯ ಎಂಬಲ್ಲಿ ರೈಟರ್ ಗೋಡೆಯ ಗಡಿಯಾರ ನೋಡಿ ಆ ಗಳಿಗೆಯನ್ನೇ ಹಾಕಿದರು. ಆ ಕಾಗದದ ಪ್ರಕಾರ ಹಿಂದಿನ ಮಧ್ಯಾಹ್ನದಿಂದ ಅಲ್ಲಿಯವರೆಗೆ ಚಿಕ್ಕಪ್ಪ ಎಲ್ಲೂ ಇರಲಿಲ್ಲ. ತಿದ್ದಿ ಎಂದೆ. ರೈಟರ್ ಪ್ರತಿ ಹರಿದು ನನ್ನ ಕೈಗಿತ್ತರು.

ಮರುದಿನ ಅವರನ್ನು ನ್ಯಾಯಾಲಯಕ್ಕೆ ಕರೆತಂದರು. ಜಾಮೀನಿಗೆ ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಗಂಡಿನ ಕಡೆಯವರು ಸಂಬಂಧ ಬೇಡವೆಂದು ಹೇಳಿಕಳಿಸಿದ್ದರು. ಚಿಕ್ಕಮ್ಮ ನನ್ನೊಡನೆ ಮಾತು ಬಿಟ್ಟರು.

ಜೈಲಿನಿಂದ ಚಿಕ್ಕಪ್ಪನನ್ನು ಬಸ್ಸಿನಲ್ಲಿ ಕರೆತಂದೆ. ಸೀಟಿಗೆ ಬೆನ್ನು ತಾಗಿಸದೆ, ಮುಂದಿನ ಕಂಬಿ ಹಿಡಿದು ಬಾಗಿ ಕೂತಿದ್ದರು. ಬಹಳ ದೂರ ಬಂದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು:

"ನೀನ್ ಬರುಸ್ದಾಗಿಂದ ಯಾರೂ ಕೈ ಮಡಗ್ನಿಲ್ಲ ಕಣವ್ವ. ಅದ್ಕೂ ಮುಂಚೆ ಆಗಿದ್ದನ್ನ ನಿಮ್ ಚಿಕ್ಕಮ್ಮಂಗೆ ಹೇಳ್ಬ್ಯಾಡ. ತಡ್ಕಳಾಕಿಲ್ಲ ಅವ್ಳು."

ಹೇಳಿದ್ದರೆ ಚಿಕ್ಕಮ್ಮ ಬಹುಶಃ ನನ್ನನ್ನು ಮತ್ತೆ ಮಾತಾಡಿಸುತ್ತಿದ್ದರು. ನಾನು ಹೇಳಲಿಲ್ಲ.