ಬೆರಳಲ್ಲೇ ಕೊನೆಯವರೆಗೆ

ಬೀದಿದೀಪಗಳು ಇನ್ನೂ ಆರಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯ ಬಾಗಿಲೆತ್ತಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಬೋಲ್ಟಕ್ಕ ಮೇಜಿನ ಹಿಂದೆ ಕೂರುತ್ತಾರೆ. ಎಲ್ಲರೂ ಕರೆಯುವುದೇ ಹಾಗೆ. ಇಲ್ಲಿ ಬೋಲ್ಟು ಕೇಳಿದವರಿಗೆ ಮೊದಲು ಸಿಗುವುದು ಪ್ರಶ್ನೆ.

"ಏನಕ್ಕೆ ಹಾಕ್ತೀಯ? ಮಳೇಲಿ ನೆನೆಯುತ್ತಾ? ಅದರ ಮೇಲೆ ಯಾರು ಭಾರ ಬಿಡ್ತಾರೆ?"

ಉತ್ತರ ಕೇಳಿ ಬೋಲ್ಟು ಆರಿಸುತ್ತಾರೆ. ಅದಕ್ಕೊಂದು ನಟ್ಟು ಹಾಕಿ, ಬರಿಬೆರಳಲ್ಲೇ ಕೊನೆಯವರೆಗೆ ತಿರುಗಿಸುತ್ತಾರೆ. ನಡುವೆ ತಡೆದರೆ ಆ ಜೋಡಿ ಪಕ್ಕಕ್ಕೆ.

"ಹೆಣ್ಣು ನೋಡೋಕೆ ಹೋದೋರೂ ಇಷ್ಟು ನೋಡಲ್ಲ, ಅಕ್ಕ," ಎಂದು ಗಿರಾಕಿ ಬಡಗಿಯೊಬ್ಬ ಛೇಡಿಸುತ್ತಾನೆ.

"ಅದಕ್ಕೇ ನಿನ್ನ ಮನೇಲಿ ದಿನಾ ರಂಪ."

ಅಂಗಡಿಯೆಲ್ಲ ನಗುತ್ತದೆ.

ಬೋಲ್ಟಕ್ಕನ ಗಂಡ ಫಿಟ್ಟರ್ ಆಗಿದ್ದರು. ಊರಿನವರ ಮನೆಗಳನ್ನೆಲ್ಲ ಭದ್ರ ಮಾಡಿದವರು ತಮ್ಮ ಮಹಡಿಯಂಚಿಗೆ ತಡೆಯಾಗಿ ಹಾಕಿದ ಕಂಬಿಗೆ ಮಾತ್ರ ಅವಸರ ಮಾಡಿದರು. ಬೋಲ್ಟು ಹೊಸದು, ನಟ್ಟು ಮನೆಯ ಹಳೆಯ ಡಬ್ಬದ್ದು. ಒಂದಕ್ಕೊಂದು ಹೊಂದದೆ ಎರಡು ಸುತ್ತು ಹೋಗಿ ನಿಂತಿತು. ಸ್ಪ್ಯಾನರ್ ಹಾಕಿ ಒತ್ತಿದರು, ಬಿಗಿಯಾಯಿತೆಂದುಕೊಂಡರು.

"ಅದು ಬಿಗಿ ಅಲ್ಲ, ಸಿಕ್ಕಿಹಾಕ್ಕೊಂಡಿದ್ದು," ಎನ್ನುತ್ತಾರೆ ಬೋಲ್ಟಕ್ಕ. "ನೋಡೋರಿಗೆ ಎರಡೂ ಒಂದೇ."

ಒಂದು ಸಂಜೆ ಗಂಡ ಆ ಕಂಬಿಗೆ ಒರಗಿದರು. ಕಂಬಿ ಕಳಚಿತು. ಬಿದ್ದವರು ಏಳಲಿಲ್ಲ. ಕೊಟ್ಟ ದೇವರೇ ಕರೆದುಕೊಂಡ ಎಂದು ಅತ್ತೆ ಮಹಡಿಯ ಬಾಗಿಲಿಗೆ ಅಗುಳಿ ಹಾಕಿದರು. ಅಂದಿನಿಂದ ಒಗೆದ ಬಟ್ಟೆ ಅಡುಗೆಮನೆಯಲ್ಲೇ ಒಣಗುತ್ತಿದೆ. ಸೊಸೆ ಬೋಲ್ಟಕ್ಕ ಮಾತ್ರ ಬೋಲ್ಟು-ನಟ್ಟು ಮಾರುವ ಈ ಅಂಗಡಿಯನ್ನೇ ಹುಡುಕಿಕೊಂಡು ಬಂದು ಕೆಲಸಕ್ಕೆ ಸೇರಿದರು.

ಇಂದು ಮೈದುನ ಬಂದಿದ್ದಾನೆ. ಕಂಬಿಯನ್ನು ಹೊಸದಾಗಿ ಕೂರಿಸಬೇಕು.

"ಅತ್ತಿಗೆ, ಬೋಲ್ಟಷ್ಟೇ ಕೊಡಿ. ನಟ್ಟು ಮನೇಲಿ..."

ನಾಲಿಗೆ ಕಚ್ಚಿಕೊಳ್ಳುತ್ತಾನೆ. ಬೋಲ್ಟಕ್ಕ ಬಯ್ಯುವುದಿಲ್ಲ. ತುಕ್ಕು ಹಿಡಿಯದಂತೆ ಸತು ಬಳಿದ ಬೋಲ್ಟುಗಳನ್ನು ಆರಿಸಿ, ಅವಕ್ಕೆಂದೇ ಮಾಡಿದ ನಟ್ಟುಗಳನ್ನು ಹಾಕಿ ನೋಡುತ್ತಾರೆ. ಬಿಚ್ಚಿ ಅವನ ಕೈಗಿಡುತ್ತಾರೆ.

"ಈಗ ನೀನು ತಿರುಗಿಸು. ಬೆರಳು ಸುಳ್ಳು ಹೇಳಲ್ಲ."

"ಎಲ್ಲಾನೂ?"

"ಎಲ್ಲಾನೂ. ನಿಮ್ಮಮ್ಮ ಒರಗೋ ಜಾಗ ಅದು."

ಮೈದುನ ಹೋದ ಮೇಲೆ ಬೋಲ್ಟಕ್ಕ ತಮಗೆ ತಾವೇ ಮೆಲ್ಲನೆ ಹೇಳಿಕೊಳ್ಳುತ್ತಾರೆ: "ಅತ್ತೆ ಒಂದ್ಸಲ ಮಹಡಿಗೆ ಬಂದು ನಿಂತರೆ ಸಾಕಪ್ಪ. ಮತ್ತೇನೂ ಕೇಳಲ್ಲ ದೇವರನ್ನ."

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಕಂಬಿ ಕೂತಿದೆ. ಬೋಲ್ಟಕ್ಕ ತಾವೇ ಮೊದಲು ಮೈಭಾರವೆಲ್ಲ ಬಿಟ್ಟು ಅಲುಗಿಸಿ ನೋಡುತ್ತಾರೆ. ಮಹಡಿಯ ಹೊಸ್ತಿಲಾಚೆ ಕಾಲಿಡದೆ ಅತ್ತೆ ಕೇಳುತ್ತಾರೆ:

"ನೀನು ನೋಡಿ ಕೊಟ್ಟಿದ್ದೇನೇ?"

"ಹೂಂ ಅತ್ತೆ. ಒಂದೊಂದೂ."

ಅತ್ತೆ ಬರುತ್ತಾರೆ. ಕಂಬಿಯ ಮೇಲೆ ಮೊದಲು ಬೆರಳು, ಆಮೇಲೆ ಅಂಗೈ, ಕೊನೆಗೆ ಭಾರ. ಬಹಳ ಹೊತ್ತು ಕೆಳಗಿನ ಬೀದಿಯನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ:

"ಹಾಗಾದ್ರೆ ಆ ಬಟ್ಟೆ ಬಕೆಟ್ ಈಚೆ ತಾ. ಒದ್ದೆ ಬಟ್ಟೆ ಕೆಳಗೆ ಬಗ್ಗಿ ಬಗ್ಗಿ ಅಡುಗೆ ಮಾಡಿ ಸಾಕಾಗಿದೆ ನಂಗೆ."