ಬಾಯಿಗೆ ಬಾರದ ಹೆಸರು

ಬಸ್ತಿಹಳ್ಳಿಯ ರುಕ್ಮಿಣಮ್ಮನಿಗೆ ಎರಡೂ ಕಣ್ಣು ಹೋಗಿ ಒಂಬತ್ತು ವರ್ಷ. ಆದರೂ ತೆಂಗಿನ ಗರಿ ಸೀಳಿ ಅವಳು ಕಟ್ಟಿದ ಪೊರಕೆಯಲ್ಲಿ ಒಂದು ಕಡ್ಡಿ ಹೆಚ್ಚುಕಮ್ಮಿಯಿಲ್ಲ.

ನಾನು ಹಳೇಬೀಡಿನಲ್ಲಿ ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು. ಓದಿದ್ದು ಏಳನೇ ಕ್ಲಾಸು. ಅರವತ್ತು ದಾಟಿದ ಮೇಲೆ ಪುಸ್ತಕ ನೋಡಿಕೊಂಡು ಸಾಫ್ಟ್‌ವೇರ್ ಬರೆಯಲು ಕಲಿತೆ. ಅವಳ ಮೊಬೈಲಿನಿಂದ ಕರೆ ಮಾಡುವ ಸಣ್ಣ ಸಾಫ್ಟ್‌ವೇರ್ ಒಂದನ್ನು ನಾನೇ ಮಾಡಿಕೊಟ್ಟಿದ್ದೆ, ನಾಲ್ಕು ದೊಡ್ಡ ಗುಂಡಿಗಳದ್ದು. ಕಳೆದ ವರ್ಷ ಅದಕ್ಕೆ ದನಿ ಕೂಡಿಸಿದೆ. ಹೆಸರು ಹೇಳಿದರೆ ಸಾಕು, ಕರೆ ಹೋಗುತ್ತದೆ. ಹೆಸರುಗಳನ್ನೆಲ್ಲ ನಾನೇ ಹೇಳಿ ಪರೀಕ್ಷೆ ಮಾಡಿದೆ. ಕಣ್ಣಿಲ್ಲದವರಿಗೆ ಗುಂಡಿ ಯಾಕೆಂದು ಅವನ್ನು ಕಿತ್ತುಹಾಕಿ, ತಿಪ್ಪೆ ಹತ್ತಿದ ಹುಂಜದಂತೆ ಎದೆಯುಬ್ಬಿಸಿ ಮನೆಗೆ ಬಂದೆ.

ಮೂರನೆಯ ದಿನ ಮಧ್ಯಾಹ್ನ, ಗಾಳಿಗೆ ತೆಂಗಿನ ಗರಿಯೊಂದು ಕರೆಂಟಿನ ತಂತಿಯ ಮೇಲೆ ಬಿದ್ದು, ತಂತಿ ಹರಿದು ತೋಟದ ಕಾಲುದಾರಿಗೆ ಬಿತ್ತು. ಪಕ್ಕದ ಮನೆಯ ಹೇಮಲತಾ ಬೇಲಿಯಾಚೆಯಿಂದಲೇ ಅದನ್ನು ಕೂಗಿ ಹೇಳಿ, ಲೈನ್‌ಮ್ಯಾನನ್ನು ಕರೆತರಲು ಓಡಿದಳು. ರುಕ್ಮಿಣಮ್ಮನ ಗಂಡ ಅದೇ ದಾರಿಯಲ್ಲಿ ಊಟಕ್ಕೆ ಬರುವ ಹೊತ್ತು. ಮೊಣಕಾಲೆತ್ತರ ಹುಲ್ಲು, ತಂತಿ ಕಾಣುವಂತಿಲ್ಲ.

ಅವಳು ಫೋನು ಕೈಗೆತ್ತಿಕೊಂಡಳು. ಯಾರಿಗೆ ಎಂದು ಅದು ಕೇಳಿತು.

"ನಮ್ಮೋರಿಗೆ."

"ಹೆಸರು ಹೇಳಿ."

"ನಮ್ಮನೇರಿಗೆ ಕಣವ್ವಾ, ಬೇಗ."

"ಹೆಸರು ಹೇಳಿ."

ಮದುವೆಯಾದ ಮೂವತ್ನಾಲ್ಕು ವರ್ಷದಲ್ಲಿ ಆ ಹೆಸರು ಅವಳ ನಾಲಗೆಯ ಮೇಲೆ ಬಂದಿರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆಂದು ಅತ್ತೆ ಕಲಿಸಿದ್ದರು. ರೇಷನ್ ಅಂಗಡಿಯಲ್ಲೂ ಪಕ್ಕದವರ ಬಾಯಲ್ಲಿ ಹೇಳಿಸುತ್ತಿದ್ದಳು. ಮಗಳು ಇಂದುವಿನ ಹೆಸರು ಹೇಳಿ ನೋಡಿದಳು. ಅವಳು ಬಾಣಾವರದಲ್ಲಿ ಟೀಚರು. ಪಾಠದ ಹೊತ್ತು, ಮೊಬೈಲ್ ಆಫ್.

ರುಕ್ಮಿಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದನ್ನು ಸರಿಸಿ ಹೆಸರು ಹೇಳಿದಳು. ದನಿ ಏಳಲಿಲ್ಲ. ಫೋನು ಮತ್ತೆ ಕೇಳಿತು.

"ತಮ್ಮಯ್ಯ. ತಮ್ಮಯ್ಯ."

ರಿಂಗಾಯಿತು. "ಬಂದೆ ಕಣಮ್ಮಿ, ಮುದ್ದೆ ತಿರುವು" ಎಂದ ತಮ್ಮಯ್ಯ.

"ಅಲ್ಲೇ ನಿಂತ್ಕಳಿ. ಹೆಜ್ಜೆ ಎತ್ತಬ್ಯಾಡಿ. ದಾರೀಲಿ ತಂತಿ ಹರ್ದು ಬಿದ್ದೈತೆ."

ಫೋನಿನಲ್ಲಿ ಅವನ ಚಪ್ಪಲಿಯ ಸದ್ದು ನಿಂತಿತು.

"ಮುಂದೆ ಹುಲ್ಲೊಳಗೆ ಚಿಟಿಚಿಟಿ ಅಂತೈತೆ" ಎಂದ.

ಲೈನ್‌ಮ್ಯಾನ್ ಕರೆಂಟು ತೆಗೆಸುವವರೆಗೂ ಅವಳು ಫೋನನ್ನು ಕಿವಿಯಿಂದ ಇಳಿಸಲಿಲ್ಲ.

ಮಾರನೆಯ ದಿನ ನನ್ನನ್ನು ಕರೆಸಿ, ನಡೆದದ್ದನ್ನೆಲ್ಲ ಹೇಳಿದಳು. "ಅಲ್ಲ ಕಣಣ್ಣ, ನಿಮ್ಮನೆ ಅತ್ಗೆಮ್ಮ ನಿಮ್ಮೆಸ್ರು ಕೂಗಿದ್ದ ಯಾವತ್ತಾರ ಕೇಳಿದ್ದೀರಾ?"

ಅವಳ ಕೈಯಿಂದ ಫೋನು ತೆಗೆದುಕೊಂಡೆ. ಜಗಲಿಯ ಮೇಲೆ ಕುಳಿತು, "ನಮ್ಮೋರು" ಎಂಬುದನ್ನು ಅವಳ ದನಿಯಲ್ಲೇ ಸೇರಿಸಿದೆ. ತಮ್ಮಯ್ಯ ಎಂಬುದನ್ನು ತೆಗೆದುಬಿಡಲೇ ಎಂದು ಕೇಳಿದೆ.

"ಅದೂ ಇರ್ಲಿ ಬಿಡಿ. ನೆನ್ನೆ ಅದೇ ತಾನೆ ಅವ್ರುನ್ನ ಮನೆಗೆ ಕರ್ಕಂಡು ಬಂದಿದ್ದು."