ನಾಗವೇಣಿಯ ಮೂರು ವರ್ಷದ ಮನೆಗೆಲಸ

ಮೊದಲಿಗೆ ಕ್ಷಮೆ. ಇದನ್ನು ಬರೆದ ಕೈ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟದ್ದು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಓಡಾಡುತ್ತವೆ, ಒತ್ತಕ್ಷರ ಎಲ್ಲೆಲ್ಲಿ ಬಿಟ್ಟುಹೋಗಿದೆಯೋ ಗೊತ್ತಿಲ್ಲ. ಒಂದೊಂದು ಪುಟವನ್ನು ಮೂರು ಮೂರು ಸಲ ಬರೆದರೂ ಬಂದದ್ದು ಇಷ್ಟೇ. ಮಾತುಗಳೂ ದೊಡ್ಡವಲ್ಲ. ನಮ್ಮ ಕನ್ನಡ ಸಂಘದ ಸಂಚಿಕೆಗೆ ದೊಡ್ಡವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅವರ ಅಕ್ಷರವೂ ಮುತ್ತಿನಂತಿದೆ. ಇದು ನವಿ ಮುಂಬಯಿಯ ಕೋಪರಖೈರಣೆಯ ನಾಗವೇಣಿಯ ಕಥೆ. ಅವಳು ದೊಡ್ಡವಳಲ್ಲ, ಆದ್ದರಿಂದ ಈ ಅಕ್ಷರಕ್ಕೆ ಸರಿಹೋಗುತ್ತಾಳೆ.

ನಾಗವೇಣಿಯ ಅಪ್ಪ ಮಾನಪ್ಪನವರು ಕಲಬುರಗಿ ಕಡೆಯಿಂದ ಬಂದು ವಾಶಿಯ ಮಾರ್ಕೆಟ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಈರುಳ್ಳಿ ಚೀಲ ಹೊರುತ್ತಿದ್ದಾರೆ. ಮಗಳು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಫಸ್ಟ್ ಕ್ಲಾಸ್ ಬಂದಾಗ ತಮ್ಮ ಹಮಾಲರ ಟೋಳಿಯ ಅಷ್ಟೂ ಜನಕ್ಕೆ ಪೇಡೆ ಹಂಚಿದರು. ಕೆಮಿಸ್ಟ್ರಿ ಎಂದರೇನು ಎಂದು ಕೇಳಿದವರಿಗೆ ಔಷಧಿ ಅಂಗಡಿ ಎಂದು ಹೇಳಿದರು. ಮಗಳು ತಿದ್ದಲು ಹೋಗಲಿಲ್ಲ. ಪೇಡೆ ಆಗಲೇ ಖಾಲಿಯಾಗಿತ್ತು.

ಆಮೇಲಿನ ಮೂರು ವರ್ಷ ಅವಳು ಮಹಾಪೆಯಲ್ಲಿ ನೀರು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡಿದಳು. ಬಾಟಲಿಯಲ್ಲಿ ಬಂದ ನೀರನ್ನು ಪರೀಕ್ಷಿಸುವುದು, ಕಂಡದ್ದನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು. ಆ ರಿಜಿಸ್ಟರಿಗೆ ಒಂದು ಶಿಸ್ತಿತ್ತು. ತಪ್ಪು ಬರೆದರೆ ಅಳಿಸುವಂತಿಲ್ಲ, ಬಿಳಿ ಹಚ್ಚುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಆ ತಪ್ಪು ಓದಲು ಬರುವಂತೆಯೇ ಇರಬೇಕು. ಮೇಲೆ ಸರಿಯಾದದ್ದು, ಪಕ್ಕದಲ್ಲಿ ಸಹಿ, ತಾರೀಖು. ಈ ಅಭ್ಯಾಸ ಅವಳಿಗೆ ಎಷ್ಟು ಅಂಟಿಕೊಂಡಿತೆಂದರೆ, ಕಿರಾಣಿ ಚೀಟಿಯಲ್ಲಿ ತೊಗರಿಬೇಳೆ ಹೊಡೆದು ಹೆಸರುಬೇಳೆ ಬರೆದರೂ ಪಕ್ಕದಲ್ಲಿ ಸಹಿ ಹಾಕುತ್ತಿದ್ದಳು. ತನ್ನ ಗಿರಾಕಿಗಳಲ್ಲಿ ಇಷ್ಟು ದೊಡ್ಡ ಅಧಿಕಾರಿ ಒಬ್ಬಳಿದ್ದಾಳೆಂದು ಅಂಗಡಿಯವನಿಗೆ ಆಗಲೇ ತಿಳಿದದ್ದು.

ಕಾನೂನು ಓದುವ ಹುಚ್ಚು ಹತ್ತಿದ್ದು ಕಲ್ಯಾಣದ ಕೋರ್ಟಿನಲ್ಲಿ. ಟಿಟ್ವಾಳಾದ ಒಂದು ಹೊಸ ಬಿಲ್ಡಿಂಗಿನ ನೀರಿನ ಟಾಕಿಗೆ ಗಟಾರದ ನೀರು ಸೇರುತ್ತಿದೆಯೆಂದು ಅಲ್ಲಿಯ ಜನ ಬಿಲ್ಡರನ ಮೇಲೆ ದಾವೆ ಹಾಕಿದ್ದರು. ಆ ನೀರನ್ನು ಪರೀಕ್ಷಿಸಿದ್ದು ಇದೇ ಲ್ಯಾಬು. ಸಾಕ್ಷಿ ಹೇಳಬೇಕಾದವರು ಲ್ಯಾಬಿನ ಮಾಲೀಕ ಸಂದೇಶ ಸರ್. ಸಮನ್ಸ್ ಬಂದ ವಾರವೇ ಅವರಿಗೆ ಬೆನ್ನುನೋವು ಶುರುವಾಯಿತು, ಸಾಕ್ಷಿ ಮುಗಿದ ಮರುದಿನ ವಾಸಿಯೂ ಆಯಿತು. ಹೀಗಾಗಿ ನಾಗವೇಣಿ ಕಟಕಟೆ ಹತ್ತಿದಳು. ಬಿಲ್ಡರನ ವಕೀಲರು ಅವಳ ವರದಿಯನ್ನು ಮುಟ್ಟಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು: ಬಾಟಲಿಯ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತಿತ್ತೋ ಇಲ್ಲವೋ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕು. ಕಾಣುತ್ತಿದ್ದದ್ದು ನಿಜ. ಅವಳು ಹೌದು ಎಂದಳು. ರೋಗ ತರುವ ಕ್ರಿಮಿ ಕಣ್ಣಿಗೆ ಕಾಣುವುದಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ. ಬಿಲ್ಡಿಂಗಿನವರ ವಕೀಲರು ಆಗ ಮೊಬೈಲಿನಲ್ಲಿ ತಮ್ಮ ಇನ್ನೊಂದು ಕೇಸಿನ ತಾರೀಖು ಹುಡುಕುತ್ತಿದ್ದರು. ತಲೆ ಎತ್ತಿ, ತಮ್ಮದೇನೂ ಪ್ರಶ್ನೆ ಇಲ್ಲ ಎಂದರು. ಟಿಟ್ವಾಳಾದ ಜನ ಅದೇ ನೀರು ಕಾಯಿಸಿಕೊಂಡು ಕುಡಿಯಲು ಮನೆಗೆ ಹೋದರು.

ಉತ್ತರ ಗೊತ್ತಿದ್ದವರು ಕಟಕಟೆಯಲ್ಲಿ ಬಾಯಿ ಮುಚ್ಚಿ ನಿಲ್ಲುವುದು, ಗೊತ್ತಿಲ್ಲದವರು ಕರಿ ಕೋಟು ಹಾಕಿಕೊಂಡು ಪ್ರಶ್ನೆ ಕೇಳುವುದು. ಈ ಏರ್ಪಾಟಿನಲ್ಲಿ ಎಲ್ಲೋ ಏನೋ ತಪ್ಪಿದೆ ಎಂದು ನಾಗವೇಣಿಗೆ ವಾಪಸು ಬರುವ ಲೋಕಲ್ ರೈಲಿನಲ್ಲಿ ಅನ್ನಿಸಿತು. ಡೊಂಬಿವ್ಲಿ ದಾಟುವುದರೊಳಗೆ, ತಾನು ಕೇಳುವವರ ಕಡೆಗೆ ಹೋಗಬೇಕೆಂದು ತೀರ್ಮಾನಿಸಿದ್ದಳು.

ಮೂರು ವರ್ಷದ ಎಲ್‌ಎಲ್.ಬಿ.ಗೆ ಯಾವ ವಿಷಯದ ಪದವಿಯಾದರೂ ಸಾಕು ಎಂದು ನಿಯಮ ಹೇಳುತ್ತದೆ. ನಿಯಮಕ್ಕೆ ಗುಂಡಣ್ಣನವರ ಪರಿಚಯ ಇಲ್ಲ. ಗುಂಡಣ್ಣನವರು ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಸಂಘದಲ್ಲಿ ನಮ್ಮಂಥವರ ಮಕ್ಕಳಿಗೆ ಮಾರ್ಗದರ್ಶನ ಮಾಡುತ್ತಾರೆ.

“ಸೈನ್ಸ್ ಮಾಡಿ ಲಾ ಅಂದ್ರೆ ಏನಮ್ಮಾ? ಲಿಫ್ಟಲ್ಲಿ ಹತ್ತನೇ ಮಹಡಿಗೆ ಹೋಗಿ, ಮೆಟ್ಲಿಳ್ಕೊಂಡು ಕೆಳಗೆ ಬಂದ ಹಾಗಾಯ್ತು,” ಎಂದರು.

“ಕೆಲ್ಸ ಕೆಳಗೇ ಇದ್ರೆ ಇಳೀಬೇಕಲ್ಲ ಸರ್,” ಎಂದಳು ನಾಗವೇಣಿ, ಬಹಳ ಮೆಲ್ಲಗೆ.

ಅವರಿಗೆ ಕೇಳಿಸಲಿಲ್ಲ. ಎದುರಿನವರ ಮಾತು ಅವರಿಗೆ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಮಾರ್ಗದರ್ಶನ ಮಾಡುವವರಿಗೆ ಅದರ ಅಗತ್ಯವೂ ಇರುವುದಿಲ್ಲ.

ಅವಳು ಸಿ.ಇ.ಟಿ. ಬರೆದಳು. ಠಾಣೆ ಊರಿನ ಒಂದು ಲಾ ಕಾಲೇಜಿನಲ್ಲಿ ಸೀಟು ಬಂತು. ಲ್ಯಾಬಿನ ಕೆಲಸ ಬಿಟ್ಟಳು. ಕಾಗದಪತ್ರ ಒಪ್ಪಿಸಲು ಕೊನೆಯ ದಿನ ಬುಧವಾರ, ಸಂಜೆ ಐದರವರೆಗೆ. ಎಲ್ಲ ಇತ್ತು, ಒಂದು ಮಾತ್ರ ಇರಲಿಲ್ಲ. ಪದವಿ ಮುಗಿದ ಮೇಲೆ ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಪ್ರಮಾಣ ಮಾಡಿ ಹೇಳುವ ಕಾಗದ. ಅದಕ್ಕೆ ಗ್ಯಾಪ್ ಅಫಿಡವಿಟ್ ಎನ್ನುತ್ತಾರೆ.

ಆ ಬುಧವಾರವೇ ಮಾನಪ್ಪನವರು ಮಗಳನ್ನು ಠಾಣೆ ಕೋರ್ಟಿನ ಹೊರಗೆ ಟೈಪಿಂಗ್ ಮಾಡುವ ಅಂಬಾದಾಸನ ಹತ್ತಿರ ಕಳಿಸಿದರು. ಅಂಬಾದಾಸ ವಿಜಯಪುರದ ಕಡೆಯವನು, ಅಂದರೆ ನಮ್ಮವನು. ನಮ್ಮವನಾದ ಮೇಲೆ ಕೆಲಸ ಹೇಗೆ ಮಾಡುತ್ತಾನೆ ಎಂದು ಕೇಳುವುದು ಮರ್ಯಾದೆಯಲ್ಲ.

ಅಂಬಾದಾಸನ ಕಂಪ್ಯೂಟರಿನಲ್ಲಿ ಗ್ಯಾಪ್ ಅಫಿಡವಿಟ್ಟಿನ ಎರಡು ನಮೂನೆಗಳಿವೆ, ಗಂಡುಮಕ್ಕಳದ್ದೊಂದು, ಹೆಣ್ಣುಮಕ್ಕಳದ್ದೊಂದು. ಅವನ ಪ್ರಕಾರ ಠಾಣೆ ಜಿಲ್ಲೆಯ ಹುಡುಗರೆಲ್ಲ ಓದು ನಿಂತಾಗ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ಮಾಡುತ್ತಾರೆ, ಹುಡುಗಿಯರೆಲ್ಲ ಮನೆಗೆಲಸ ಮಾಡುತ್ತಾರೆ. ನಾಗವೇಣಿ ಬಾಯಿ ತೆರೆಯುವ ಮೊದಲೇ ಸ್ಟ್ಯಾಂಪ್ ಪೇಪರು ಪ್ರಿಂಟರಿನಿಂದ ಹೊರಗೆ ಬಂತು. ಅದು ಮರಾಠಿಯಲ್ಲಿ ಹೇಳುತ್ತಿದ್ದದ್ದು ಇಷ್ಟು: ಈ ಮೂರು ವರ್ಷ ನಾನು ಮನೆಯಲ್ಲೇ ಇದ್ದು ಮನೆಗೆಲಸ ಮಾಡಿಕೊಂಡಿದ್ದೆ, ಎಲ್ಲಿಯೂ ನೌಕರಿ ಮಾಡಿಲ್ಲ, ಬೇರೆ ಯಾವ ಕೋರ್ಸಿಗೂ ಸೇರಿಲ್ಲ, ಇದು ಸುಳ್ಳಾದರೆ ಶಿಕ್ಷೆಗೆ ಪಾತ್ರಳು.

ಮನೆಗೆಲಸದ ವಿಷಯದಲ್ಲಂತೂ ಅವಳ ವಿರುದ್ಧ ಸಾಕ್ಷಿ ಹೇಳಲು ತಾಯಿ ಶರಣಬಸಮ್ಮ ಒಬ್ಬರೇ ಸಾಕಿತ್ತು. ಮೂರು ವರ್ಷದಲ್ಲಿ ಮಗಳು ಎಷ್ಟು ಸಲ ರೊಟ್ಟಿ ಬಡಿದಳೆಂದು ಅವರು ಬೆರಳಲ್ಲಿ ಎಣಿಸಿ ತೋರಿಸುತ್ತಿದ್ದರು. ಒಂದು ಕೈ ಸಾಲುತ್ತಿತ್ತು.

“ಅಣ್ಣಾ, ನಾನು ನೌಕರಿ ಮಾಡ್ತಿದ್ದೆ,” ಎಂದಳು ನಾಗವೇಣಿ.

“ಮಾಡಿರ್ತಿ ಬಿಡವಾ. ಇದು ಕಾಲೇಜಿಗಿ ಹಚ್ಚೂ ಕಾಗದ. ಹತ್ತು ವರ್ಷ ಆತು, ಒಬ್ಬಾಕಿನೂ ಇದನ್ನ ಓದಿ ನೋಡಿಲ್ಲ. ನೀನೇ ಮೊದಲ್ನೇಕಿ.”

“ಆದ್ರ ಕೆಳಗ ಪ್ರಮಾಣ ಮಾಡ್ತೀನಿ ಅಂತ ಅದ ಅಲ್ರಿ.”

“ಪ್ರಮಾಣಕ್ಕೇನವಾ,” ಎಂದ ಅಂಬಾದಾಸ, “ಅದು ಪ್ರಿಂಟಾಗೇ ಬರ್ತದ.”

ಇನ್ನೊಂದು ಸ್ಟ್ಯಾಂಪ್ ಪೇಪರು ತರೋಣವೆಂದರೆ ಮಾರುವವನು ಆ ದಿನದ್ದು ಮುಗಿಯಿತೆಂದು ಬಾಗಿಲು ಹಾಕಿದ್ದ. ಆಗ ನಾಗವೇಣಿ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಪೆನ್ನು ತೆಗೆದು ಮನೆಗೆಲಸದ ಮೇಲೆ ಒಂದೇ ಗೆರೆ ಎಳೆದಳು, ಓದಲು ಬರುವಂತೆ. ಎಲ್ಲಿಯೂ ನೌಕರಿ ಮಾಡಿಲ್ಲ ಎಂಬುದರ ಮೇಲೂ ಒಂದು ಗೆರೆ. ಮೇಲೆ ಸಣ್ಣ ಅಕ್ಷರದಲ್ಲಿ, ಮಹಾಪೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ತಾರೀಖು ಹಾಕಿದಳು. ಅಂಬಾದಾಸ ತನ್ನ ಕೈಯನ್ನೇ ಯಾರೋ ಗೀರಿದಂತೆ ನೋಡುತ್ತ ನಿಂತ.

ನೋಟರಿ ವಯಸ್ಸಾದ ವಕೀಲರು. ಅಂಬಾದಾಸ ತಂದ ಕಾಗದಗಳ ಕಟ್ಟಿನ ಮೇಲೆ ಫೋನಿನಲ್ಲಿ ಮಾತಾಡುತ್ತಲೇ ಎಡಗೈಯಲ್ಲಿ ಮುದ್ರೆ ಒತ್ತುತ್ತ ಬಂದವರು, ಈ ಕಾಗದದ ಗೆರೆ ಕಂಡು ನಿಂತರು. ಫೋನು ಇಟ್ಟರು. ಕನ್ನಡಕ ಹುಡುಕಿ ಹಾಕಿಕೊಂಡು ಅಫಿಡವಿಟ್ಟನ್ನು ಪೂರಾ ಓದಿದರು. ಹೀಗೆ ತಿದ್ದಲು ಯಾರು ಕಲಿಸಿದರು ಎಂದು ಕೇಳಿದರು. ಲ್ಯಾಬಿನ ರಿಜಿಸ್ಟರು ಎಂದಳು. ಅಫಿಡವಿಟ್ಟಿನಲ್ಲಿ ತಿದ್ದುವ ಕ್ರಮವೂ ಇದೇ, ಪಕ್ಕದಲ್ಲಿ ತಮ್ಮದೂ ಸಹಿ ಬೇಕು, ಯಾರೂ ತಿದ್ದದೆ ತಮಗೂ ಮರೆತೇ ಹೋಗಿತ್ತು ಎಂದು ನಕ್ಕು ಸಹಿ ಹಾಕಿದರು. ಯಾರೂ ಓದದ ಕಾಗದಕ್ಕೆ ತಾವೂ ಓದದೆ ಇಷ್ಟು ವರ್ಷ ಮುದ್ರೆ ಒತ್ತಿದ್ದೇಕೆ ಎಂದು ಅವಳು ಕೇಳಲಿಲ್ಲ. ಸೀಟು ಇನ್ನೂ ಪಕ್ಕಾ ಆಗಿರಲಿಲ್ಲ.

ಕಾಲೇಜು ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಕಾಗದ ನೋಡುವ ಅಪೇಕ್ಷಾ ಮ್ಯಾಡಮ್, ಗೀಚಿ ತಿದ್ದಿದ್ದು ನಡೆಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಅದನ್ನು ಬದಿಗಿಟ್ಟರು. ನಾಗವೇಣಿ ನೋಟರಿಯ ಸಹಿ ತೋರಿಸಿದಳು. ಮ್ಯಾಡಮ್ ಆಗ ಕಾಗದ ಓದಿದರು. ಓದಿದ್ದೇ ತೊಂದರೆಯಾಯಿತು. ನೌಕರಿ ಮಾಡಿದ್ದರೆ ಅದಕ್ಕೆ ಪುರಾವೆ ಎಲ್ಲಿ? ಮನೆಗೆಲಸ ಮಾಡಿದ್ದೇನೆ ಎಂದವಳಿಗೆ ಪುರಾವೆ ಬೇಡ, ತೊಳೆದ ಪಾತ್ರೆ ತಂದು ತೋರಿಸು ಎಂದು ಯಾರೂ ಕೇಳುವುದಿಲ್ಲ. ಸತ್ಯ ಹೇಳಿದವಳಿಗೆ ಮಾತ್ರ ಪತ್ರ ಬೇಕು.

ಮ್ಯಾಡಮ್ ಕೆಟ್ಟವರಲ್ಲ. ದನಿ ತಗ್ಗಿಸಿ, ಎದುರಿನ ಝೆರಾಕ್ಸ್ ಅಂಗಡಿಯಲ್ಲೇ ಮನೆಗೆಲಸದ್ದು ಸಿದ್ಧವಾಗಿ ಸಿಗುತ್ತದೆ, ಅರ್ಧ ಗಂಟೆಯಲ್ಲಿ ತಂದುಬಿಡು, ಎಲ್ಲ ಹುಡುಗಿಯರೂ ಅದನ್ನೇ ಕೊಡುತ್ತಾರೆ ಎಂದರು. ನಾಗವೇಣಿ ಕಿಟಕಿಯಿಂದ ಆ ಅಂಗಡಿಯನ್ನು ನೋಡಿದಳು. ರಸ್ತೆ ದಾಟಿದರೆ ಸೀಟು ಅವಳದು. ನಿಜ ಹೇಳಬೇಕೆಂದರೆ, ಅವಳ ಕಾಲು ಒಂದು ಹೆಜ್ಜೆ ಹೊರಟೂ ಇತ್ತು. ಆಮೇಲೆ ತಿರುಗಿ ಮರಾಠಿಯಲ್ಲೇ ಕೇಳಿದಳು:

“ಮ್ಯಾಡಮ್, ಸುಳ್ಳು ಪ್ರಮಾಣಕ್ಕೆ ಏನು ಶಿಕ್ಷೆ ಅಂತ ಇಲ್ಲಿ ಕಲಿಸ್ತಾರಲ್ಲ, ಯಾವ ವರ್ಷದಲ್ಲಿ?”

ಮ್ಯಾಡಮ್ ಗಂಭೀರವಾಗಿ ಯೋಚಿಸಿ, “ಎರಡನೇ ವರ್ಷದಲ್ಲಿ,” ಎಂದರು.

ಆಮೇಲೆ ಕಾಗದವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಮ್ಯಾಡಮ್ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ, ಪುರಾವೆ ಬಾಕಿ, ಸೋಮವಾರ ಐದರೊಳಗೆ ಎಂದು ಹಾಕಿಕೊಟ್ಟರು. ತರದಿದ್ದರೆ ಸೀಟು ಮುಂದಿನವರಿಗೆ.

ಸ್ಟೇಷನ್ನಿನಿಂದ ಅವಳು ಸಂದೇಶ ಸರ್‌ಗೆ ಫೋನು ಮಾಡಿದಳು. ಟ್ರೇನಿಗಳಿಗೆ ಪತ್ರ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಮೂರು ವರ್ಷ ವರದಿಗಳಿಗೆ ಸಹಿ ಹಾಕಿದವಳು ಕಾಗದದಲ್ಲಿ ಟ್ರೇನಿಯಾಗಿಯೇ ಇದ್ದಳೆಂದು ಅವಳಿಗೆ ತಿಳಿದದ್ದು ಆಗ. ಬಂದು ಕಾಣುತ್ತೇನೆ ಎಂದದ್ದಕ್ಕೆ, ಬೇಡ, ಬೆನ್ನು ಮತ್ತೆ ನೋಯುತ್ತಿದೆ ಎಂದರು.

ಮನೆಯಲ್ಲಿ ವಿಷಯ ಕೇಳಿ ಶರಣಬಸಮ್ಮನವರು, “ಮನಿಗೆಲಸ ಅಂತಿದ್ರ ಇರಲಿ ಅನ್ನಬಾರ್ದಿತ್ತಾ? ನಿನ್ನ ಗಂಟೇನ್ ಹೋಗ್ತಿತ್ತು?” ಎಂದು ರೊಟ್ಟಿಯನ್ನು ಎರಡು ಪೆಟ್ಟು ಹೆಚ್ಚೇ ಬಡಿದರು. ಮಾನಪ್ಪನವರು ಊಟ ಮುಗಿಸಿದರು. ಕೈ ತೊಳೆದು ಬಂದು ಒಂದೇ ಮಾತು ಕೇಳಿದರು.

“ಅಲ್ಲವಾ, ಕಲ್ಯಾಣದಾಗ ಕಟಕಟಿ ಹತ್ತಿದಾಗ, ನೀ ಯಾರು, ಏನ್ ಕೆಲಸ ಮಾಡ್ತಿ ಅಂತ ಮೊದಲ ಕೇಳಿರಬೇಕಲ್ಲ?”

ಕೇಳಿದ್ದರು. ಹೇಳಿಕೆಯ ಮೊದಲ ಸಾಲೇ ಅದು: ಹೆಸರು, ವಯಸ್ಸು, ಊರು, ಉದ್ಯೋಗ ಕೆಮಿಸ್ಟ್, ಪದವಿ ಮುಗಿದ ವರ್ಷದ ಜುಲೈಯಿಂದ ಮಹಾಪೆಯ ಲ್ಯಾಬಿನಲ್ಲಿ. ಅದರಡಿಯಲ್ಲಿ ನ್ಯಾಯಾಧೀಶರ ಸಹಿ. ಇಡೀ ಕೇಸಿನಲ್ಲಿ ಅವಳನ್ನು ಯಾರಾದರೂ ಸರಿಯಾಗಿ ಕೇಳಿದ ಪ್ರಶ್ನೆ ಅದೊಂದೇ. ಅದನ್ನು ಈಗ ನೆನಪಿಸಿಕೊಟ್ಟವರು ಶಾಲೆಯ ಮೆಟ್ಟಿಲು ಹತ್ತದವರು.

ಮರುದಿನ ಬೆಳಿಗ್ಗೆ ನಾಗವೇಣಿ ಠಾಣೆಯಲ್ಲಿ ಗಾಡಿ ಬದಲಿಸಿ ಕಲ್ಯಾಣದ ಕೋರ್ಟಿಗೆ ಹೋದಳು, ಸೋಮವಾರ ಕಾಲೇಜಿಗೆ ತೋರಿಸುವ ಪುರಾವೆಗೆಂದು ತನ್ನ ಹೇಳಿಕೆಯ ನಕಲಿಗೆ ಅರ್ಜಿ ಹಾಕಿದಳು.